ಎಷ್ಟು ಸಾಲು ಎಂದು ಮೊದಲೇ ಹೇಳಲಾಗದ ಪಟ್ಟಿ

ಆಂಧ್ರದ ಶ್ರೀ ಸತ್ಯಸಾಯಿ ಜಿಲ್ಲೆಯ ರೊದ್ದಂ ಪೆನ್ನಾ ನದಿಯ ದಡದ ಊರು. ಅಲ್ಲಿನ ಹೊಲಗಳ ಲೆಕ್ಕ ಇರುವುದು ಅಡಂಗಲ್‌ನಲ್ಲಿ. ಗಡಿಯಾಚೆ ಕರ್ನಾಟಕದ ಪಾವಗಡದವರು ಅದನ್ನೇ ಪಹಣಿ ಎನ್ನುತ್ತಾರೆ. ಅಜ್ಜನ ಕಾಲದಲ್ಲಿ ಒಂದು ಸರ್ವೆ ನಂಬರಿಗೆ ಒಂದೇ ಸಾಲು ಸಾಕಿತ್ತು ಎನ್ನಿ. ಮಕ್ಕಳು ಪಾಲು ಹಂಚಿಕೊಂಡರೆ ಅದು 200-1, 200-2 ಎಂದು ಒಡೆಯುತ್ತದೆ. ಮೊಮ್ಮಕ್ಕಳ ಹೊತ್ತಿಗೆ 200-1ಎ, 200-1ಬಿ. ಇನ್ನು ಮೂವತ್ತು ವರ್ಷಕ್ಕೆ ಆ ಹಳ್ಳಿಯ ಪಟ್ಟಿಯಲ್ಲಿ ಎಷ್ಟು ಸಾಲಿರುತ್ತದೆ? ತಹಸೀಲ್ದಾರರೂ ಹೇಳಲಾರರು. ಇಂಥ ಪಟ್ಟಿಯನ್ನು ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ಹೇಗೆ ಇಡಬೇಕು ಎಂಬುದು ಇವತ್ತಿನ ವಿಷಯ. ಗಾತ್ರವನ್ನು ಊಹಿಸಲು ಹೋಗಬಾರದು, ಬೆಳೆಯುವ ಹೊಣೆಯನ್ನು ಪಟ್ಟಿಗೇ ವಹಿಸಬೇಕು ಎಂಬುದು ನನ್ನ ವಾದ.

ಜಾವಾದಂಥ ಭಾಷೆಯಲ್ಲಿ ಅರೇ ಎಂಬ ಸರಳ ಪಟ್ಟಿಯಿದೆ. ಮಾಡುವಾಗಲೇ ಅದರ ಮನೆಗಳು, ಅಂದರೆ ಸಾಲು ಇಡುವ ಜಾಗಗಳು, ಎಷ್ಟು ಎಂದು ಹೇಳಬೇಕು. ಆಮೇಲೆ ಒಂದನ್ನೂ ಸೇರಿಸುವಂತಿಲ್ಲ. ಹಾಗಾದರೆ ದೊಡ್ಡ ಸಂಖ್ಯೆಯನ್ನೇ ಕೊಟ್ಟರಾಯಿತಲ್ಲ ಎಂದು ಕೇಳಬಹುದು. ದೊಡ್ಡದೆನಿಸಿದ ಸಂಖ್ಯೆಯೂ ಒಂದು ದಿನ ಸಾಲದಾಗುತ್ತದೆ. ಎಕ್ಸೆಲ್‌ನ ಹಳೆಯ ಕಡತಗಳಲ್ಲಿ 65,536 ಸಾಲಿನ ಮಿತಿಯಿತ್ತು. 2020ರಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಅಂಥ ಕಡತ ಬಳಸಿದ್ದರಿಂದ ಸುಮಾರು 16,000 ಕೋವಿಡ್ ಪ್ರಕರಣಗಳು ಕೆಲವು ದಿನ ಲೆಕ್ಕಕ್ಕೇ ಬರಲಿಲ್ಲ. ಆ ಸೋಂಕಿತರ ಸಂಪರ್ಕದಲ್ಲಿದ್ದವರನ್ನು ಹುಡುಕುವ ಕೆಲಸವೂ ತಡವಾಯಿತು.

ಬೆಳೆಯುವ ಪಟ್ಟಿ ಒಳಗೆ ಮಾಡುವುದು ಸರಳ ಕೆಲಸ. ಅದರೊಳಗೂ ಇರುವುದು ಅರೇಯೇ. ಅದು ತುಂಬಿದಾಗ ಇನ್ನೂ ದೊಡ್ಡದೊಂದನ್ನು ಪಡೆದು, ಹಳೆಯದನ್ನೆಲ್ಲ ಅದಕ್ಕೆ ನಕಲು ಮಾಡುತ್ತದೆ. ಬಳಸುವವರಿಗೆ ಇದು ಕಾಣಿಸುವುದೇ ಇಲ್ಲ. ಅವರು ಹೇಳುವುದು 'ಸೇರಿಸು' ಎಂದಷ್ಟೆ. ಪ್ರತಿ ಸಲ ನಕಲು ಮಾಡಿದರೆ ನಿಧಾನವಾಗದೇ? ಎಷ್ಟು ಹಿಗ್ಗಿಸುತ್ತೇವೆ ಎಂಬುದರ ಮೇಲೆ ಅದು ನಿಂತಿದೆ. ಹತ್ತು ಮನೆಯಿಂದ ಹೊರಟು ಹತ್ತತ್ತೇ ಹೆಚ್ಚಿಸುತ್ತ ಹೋದರೆ, 1,000 ಸಾಲು ತುಂಬುವಷ್ಟರಲ್ಲಿ 49,500 ನಕಲುಗಳಾಗುತ್ತವೆ. ಪ್ರತಿ ಸಲ ಇಮ್ಮಡಿ ಮಾಡಿದರೆ ಬರೀ 1,270. ಆಗ 1,280 ಮನೆಗಳಲ್ಲಿ 280 ಖಾಲಿ ಉಳಿಯುತ್ತವೆ, ನಿಜ. ಆದರೆ ಎಲ್ಲ ಹಳ್ಳಿಗೂ ಲಕ್ಷ ಮನೆ ಮೊದಲೇ ಕಟ್ಟಿಡುವುದಕ್ಕೆ ಹೋಲಿಸಿದರೆ ಅದು ಬಹಳ ಕಡಿಮೆ ಬೆಲೆ. 1998ರಲ್ಲಿ ಜಾವಾಕ್ಕೆ ಬಂದ ಅರೇಲಿಸ್ಟ್ ಎಂಬ ಬೆಳೆಯುವ ಪಟ್ಟಿ ಒಂದೂವರೆ ಪಟ್ಟು ಹಿಗ್ಗುವ ದಾರಿ ಹಿಡಿದಿದೆ. ನಕಲೇ ಬೇಡವೆನ್ನುವವರು ಒಂದರಿಂದ ಇನ್ನೊಂದಕ್ಕೆ ಕೊಂಡಿ ಹಾಕಿದ ಪಟ್ಟಿಯನ್ನು ಸೂಚಿಸುತ್ತಾರೆ. ಅದರಲ್ಲಿ 500ನೆಯ ಸಾಲು ಬೇಕೆಂದರೆ ಕೊಂಡಿ ಹಿಡಿದು ನಡೆದೇ ಹೋಗಬೇಕು. ಪಹಣಿ ಹುಡುಕುವವರಿಗೆ ಅದು ಒಗ್ಗದು.

ಇನ್ನೊಂದು ಆಕ್ಷೇಪವಿದೆ: ದಾಖಲೆ ಹೇಗೂ ಡೇಟಾಬೇಸಿನಲ್ಲಿ ಇರುತ್ತದೆ, ಪ್ರೋಗ್ರಾಮಿಗೇಕೆ ಈ ಚಿಂತೆ? ಕರ್ನಾಟಕದ ಭೂಮಿ ಯೋಜನೆ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಅವು ಇರುವುದು ಡೇಟಾಬೇಸಿನಲ್ಲೇ. ಆದರೂ ಇಂಥ ದಾಖಲೆಗಳಿಂದ ಒಂದು ಹಳ್ಳಿಯದನ್ನು ಕೇಳಿದಾಗ ಸಾಲುಗಳು ಒಂದೊಂದಾಗಿ ಬರುತ್ತವೆ. ಕೊನೆಯದು ಬರುವ ತನಕ ಒಟ್ಟೆಷ್ಟು ಎಂದು ಪ್ರೋಗ್ರಾಮಿಗೆ ತಿಳಿದಿರಬೇಕೆಂದಿಲ್ಲ.

ಇದಕ್ಕಿಂತ ನನಗೆ ಮುಖ್ಯವೆನಿಸುವುದು ಅಡ್ಡ ಸಾಲಿನ ಒಳಗಿನ ವಿಷಯ. ಸಾಲುಗಳ ಸಂಖ್ಯೆಯನ್ನು ಸಡಿಲ ಬಿಟ್ಟ ಜಾಣರೂ 'ಹಕ್ಕುದಾರ 1, ಹಕ್ಕುದಾರ 2, ಹಕ್ಕುದಾರ 3' ಎಂದು ಕಾಲಂಗಳನ್ನು ಬಿಗಿದುಬಿಡುತ್ತಾರೆ. ಆಂಧ್ರದಲ್ಲಿ 1985ರಿಂದ, ಕರ್ನಾಟಕದಲ್ಲಿ 1994ರಿಂದ, ದೇಶಕ್ಕೆಲ್ಲ 2005ರಿಂದ ಹಿಂದೂ ಅವಿಭಕ್ತ ಕುಟುಂಬದ ಹೆಣ್ಣುಮಕ್ಕಳಿಗೂ ಜನ್ಮತಃ ಪಾಲು ಬಂತು. ಆರಂಭದಲ್ಲಿ ಮದುವೆಯಾದವರಿಗೆ ಕೆಲವು ಮಿತಿಗಳಿದ್ದವು, ನಿಜ. ಗಂಡುಮಕ್ಕಳನ್ನಷ್ಟೇ ಎಣಿಸಿ ಕಟ್ಟಿದ ನಮೂನೆಗೆ ಈ ಹೆಸರುಗಳು ಹಿಡಿಸುವುದಿಲ್ಲ. ಹಿಡುವಳಿ ಎಂಬುದನ್ನೇ ಒಂದು ಆಬ್ಜೆಕ್ಟ್ ಮಾಡಿ, ಅದರೊಳಗೆ ಹಕ್ಕುದಾರರದೇ ಒಂದು ಬೆಳೆಯುವ ಪಟ್ಟಿ ಇಟ್ಟರೆ, ನಾಲ್ಕನೆಯವಳಾಗಿ ಬಂದ ಮಗಳ ಹೆಸರನ್ನು ಷರಾ ಕಾಲಂಗೆ ತುರುಕಬೇಕಾಗಿಲ್ಲ. ಅಣ್ಣಂದಿರ ಹೆಸರು ಸೇರಿಸಿದ ಆಜ್ಞೆಯೇ ಅವಳ ಹೆಸರನ್ನೂ ಸೇರಿಸುತ್ತದೆ.