ಸೇನಾವೈದ್ಯ ರೊನಾಲ್ಡ್ ರಾಸ್
(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

ಈ ದಿನ ಒಬ್ಬ ಸೇನಾವೈದ್ಯನ ವೃತ್ತಾಂತವನ್ನು ನಿವೇದಿಸುವೆನು. ಸೇನೆಯ ಮಾತೆಂದೊಡನೆ ತಾವು ಕತ್ತಿ ಕೋವಿಗಳ ಕಥೆಯನ್ನು ನಿರೀಕ್ಷಿಸಬಹುದು. ಈತನ ಆಯುಧವು ಒಂದು ಸೂಕ್ಷ್ಮದರ್ಶಕಯಂತ್ರ. ಅದೂ ಗಾಜು ಬಿರುಕುಬಿಟ್ಟದ್ದು. ಈತನು ಅರಸಿದ ಶತ್ರುವಾದರೋ ನಮ್ಮ ಮನೆಗಳ ಕತ್ತಲೆಯ ಮೂಲೆಯಲ್ಲಿಯೇ ವಾಸಿಸತಕ್ಕದ್ದು.

ರೊನಾಲ್ಡ್ ರಾಸನು 1857ನೆಯ ಇಸವಿ ಮೇ 13ರಂದು ಹಿಮಾಲಯದ ಸೀಮೆಯ ಅಲ್ಮೋರಾದಲ್ಲಿ ಜನಿಸಿದನು. ತಂದೆಯು ಇಲ್ಲಿಯ ಸೈನ್ಯದಲ್ಲಿ ಅಧಿಕಾರಿ. ಮಗನಿಗೆ ಕಾವ್ಯ, ಸಂಗೀತ, ಗಣಿತಗಳಲ್ಲಿ ಒಲವು; ವೈದ್ಯನಾಗಬೇಕೆಂಬುದು ತಂದೆಯ ಇಚ್ಛೆ. ಲಂಡನ್ನಿನಲ್ಲಿ ಅರೆಮನಸ್ಸಿನಿಂದ ವ್ಯಾಸಂಗಮಾಡಿ, ಒಂದು ಪರೀಕ್ಷೆಯಲ್ಲಿ ಮೊದಲು ಸೋತು, 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವೀಸನ್ನು ಸೇರಿದನು.

ಇನ್ನು ನಮ್ಮ ಬೆಂಗಳೂರಿನ ಪ್ರಸಂಗಕ್ಕೆ ಬರೋಣ. 1883ರಲ್ಲಿ ಅಲ್ಲಿಯ ದಂಡಿನಲ್ಲಿ ವೈದ್ಯನಾಗಿದ್ದಾಗ, ತನ್ನ ಬಂಗಲೆಯಲ್ಲಿ ಸೊಳ್ಳೆಗಳ ಕಾಟವು ಮಿತಿಮೀರಿರುವುದನ್ನು ಕಂಡು ರಾಸನು ಕಾರಣವನ್ನು ಹುಡುಕಿದನು. ಕಿಟಕಿಯ ಹೊರಗೆ ನೀರು ತುಂಬಿದ ಒಂದು ತೊಟ್ಟಿ. ಅದರಲ್ಲಿ ಮರಿಹುಳುಗಳು ಮಿಡುಕುತ್ತಿದ್ದವು. ತೊಟ್ಟಿಯನ್ನು ಬರಿದು ಮಾಡಿಸಿದೊಡನೆ ಕಾಟವು ತಗ್ಗಿತು. ಅಧಿಕಾರಿಗಳ ಭೋಜನಶಾಲೆಯಲ್ಲಿಯೂ ಹೀಗೆಯೇ ಮಾಡಬಾರದೇಕೆಂದು ಕೇಳಲು, ದಂಡಿನ ಒಬ್ಬ ಅಧಿಕಾರಿಯು, ಸೊಳ್ಳೆಗಳನ್ನು ಸೃಷ್ಟಿಸಿರುವುದು ಯಾವುದೋ ಒಂದು ಉದ್ದೇಶಕ್ಕಾಗಿಯೇ ಇರಬೇಕು, ಸಹಿಸಿಕೊಳ್ಳುವುದೇ ನಮ್ಮ ಕರ್ತವ್ಯವೆಂಬ ಅರ್ಥದ ಉತ್ತರವನ್ನು ಕೊಟ್ಟನಂತೆ! ಇಂಥ ವೇದಾಂತವು ನಮ್ಮವರಲ್ಲಿ ಮಾತ್ರವೇ ಉಂಟೆಂದು ಬಗೆಯುವವರು ಈ ಮಾತನ್ನು ಲಕ್ಷಿಸಬೇಕು.

ಆಗ ರಾಸನಿಗೆ ಸೊಳ್ಳೆಯು ಕೇವಲ ಉಪದ್ರವ. ರೋಗದ ಸಂಬಂಧವು ಇನ್ನೂ ತಿಳಿದಿರಲಿಲ್ಲ. ಚಳಿಜ್ವರವು ಕೆಟ್ಟ ಗಾಳಿಯಿಂದ ಬರುವುದೆಂದೇ ಬಹುಕಾಲದ ನಂಬಿಕೆ. ಮಲೇರಿಯಾ ಎಂಬ ಶಬ್ದಕ್ಕೂ ಇಟಲಿಯ ಭಾಷೆಯಲ್ಲಿ ಅದೇ ಅರ್ಥ. 1880ರಲ್ಲಿ ಅಲ್ಜೀರಿಯಾದಲ್ಲಿದ್ದ ಲಾವೆರಾನನೆಂಬ ಫ್ರೆಂಚ್ ಸೇನಾವೈದ್ಯನು ರೋಗಿಗಳ ರಕ್ತದಲ್ಲಿ ಚಲಿಸುವ ಒಂದು ಸೂಕ್ಷ್ಮಜೀವಿಯನ್ನು ಕಂಡಿದ್ದನು. ಅದು ಒಬ್ಬನಿಂದ ಮತ್ತೊಬ್ಬನಿಗೆ ಹೇಗೆ ದಾಟುವುದು? 1894ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಹೋದ ರಾಸನಿಗೆ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ಹಿರಿಯ ವೈದ್ಯನು ಆ ಜೀವಿಯನ್ನು ತೋರಿಸಿ, ಸೊಳ್ಳೆಯನ್ನು ಶೋಧಿಸೆಂದು ಹೇಳಿದನು.

ಗುರುವಿನ ಊಹೆಯಲ್ಲಿ ಅರ್ಧ ಸತ್ಯ, ಅರ್ಧ ತಪ್ಪು. ರಕ್ತ ಕುಡಿದ ಸೊಳ್ಳೆಯು ನೀರಿನಲ್ಲಿ ಸಾಯುವುದು, ಆ ನೀರನ್ನು ಕುಡಿದವರಿಗೆ ಜ್ವರ ಬರುವುದೆಂದು ಅವನು ತಿಳಿದಿದ್ದನು. 1895ರಲ್ಲಿ ಸಿಕಂದರಾಬಾದಿಗೆ ಬಂದ ಶಿಷ್ಯನು ಅಂಥ ನೀರನ್ನು ಕೆಲವರಿಗೆ ಕುಡಿಸಿಯೂ ನೋಡಿದನು. ಒಬ್ಬನಿಗೆ ಜ್ವರ ಬಂದಿತು. ಬಳಿಕ ಕುಡಿದ ಹೆಚ್ಚಿನವರಿಗೆ ಏನೂ ಆಗಲಿಲ್ಲ. ಹಣಕ್ಕಾಗಿ ಆ ನೀರನ್ನು ಕುಡಿದ ಬಡವರನ್ನು ನೆನೆದರೆ ನನಗೆ ಮನಸ್ಸು ಕಸಿವಿಸಿಯಾಗುವುದು. ಇಂದು ಯಾವ ವೈದ್ಯಸಂಘವೂ ಇದಕ್ಕೆ ಒಪ್ಪಲಾರದು. ಅದೇ ವರ್ಷ ವಾಂತಿಭೇದಿಯ ಹಾವಳಿಯನ್ನು ಅಡಗಿಸುವುದಕ್ಕಾಗಿ ಅವನನ್ನು ಪುನಃ ಬೆಂಗಳೂರಿಗೆ ಕಳುಹಿಸಿದರು. ಚರಂಡಿ, ಬಾವಿ, ಕಸದ ಗುಂಡಿಗಳ ನಡುವೆ ಸಂಶೋಧನೆಯು ಹಿಂದೆ ಬಿದ್ದಿತು. 1897ರಲ್ಲಿ ನೀಲಗಿರಿಯ ಸಿಗೂರು ಘಟ್ಟದಲ್ಲಿ ತಾನೇ ಆ ಜ್ವರಕ್ಕೆ ಗುರಿಯಾದನು.

ಆ ವರ್ಷವೇ ಸಿಕಂದರಾಬಾದಿಗೆ ಮರಳಿದನು. ಆಗಸ್ಟ್ ತಿಂಗಳ ಸೆಕೆ. ಬೀಸಣಿಗೆಯನ್ನು ಎಳೆಸಿದರೆ ಕೊಯ್ದಿಟ್ಟ ಸೊಳ್ಳೆಗಳು ಹಾರಿಹೋಗುವುವು, ಆದುದರಿಂದ ಗಾಳಿಯಿಲ್ಲ. ಬೆವರಿನಿಂದ ಯಂತ್ರದ ತಿರುಪುಗಳಿಗೆ ತುಕ್ಕು ಹಿಡಿದಿತ್ತು. ಎರಡು ವರ್ಷ ನೂರಾರು ಸೊಳ್ಳೆಗಳನ್ನು ಕೊಯ್ದರೂ ಫಲವಿರಲಿಲ್ಲ. ಏಕೆಂದರೆ ಅವು ಬೇರೆ ಜಾತಿಯವು. ಈಗ ಸಹಾಯಕರು ತಂದ ಮರಿಗಳಿಂದ ರೆಕ್ಕೆಯಲ್ಲಿ ಚುಕ್ಕೆಗಳುಳ್ಳ ಕೆಲವು ಸೊಳ್ಳೆಗಳು ಹೊರಟವು. ಹುಸೇನ್ ಖಾನನೆಂಬ ರೋಗಿಯು ಒಂದು ಕಡಿತಕ್ಕೆ ಒಂದಾಣೆಯಂತೆ ಅವುಗಳಿಂದ ಕಚ್ಚಿಸಿಕೊಂಡನು. ಆಗಸ್ಟ್ 20ರಂದು, ಉಳಿದಿದ್ದ ಎರಡರಲ್ಲಿ ಒಂದನ್ನು ಕೊಯ್ದಾಗ, ಅದರ ಜಠರದ ಗೋಡೆಯಲ್ಲಿ ದುಂಡನೆಯ ಕೋಶಗಳು ಕಂಡವು. ಅವುಗಳೊಳಗೆ ಚಳಿಜ್ವರದ ಜೀವಿಯಲ್ಲಿರುವಂಥದೇ ಕಪ್ಪು ಕಣಗಳು! ಮರುದಿನ ಕೊನೆಯ ಸೊಳ್ಳೆಯನ್ನು ಕೊಯ್ದನು; ಕೋಶಗಳು ಇನ್ನೂ ದೊಡ್ಡವಾಗಿದ್ದವು. ಒಂದು ದಿನ ಕಳೆದಂತೆ ದೊಡ್ಡದಾದುದು ಸೊಳ್ಳೆಯ ಅಂಗವಲ್ಲ, ಅದರೊಳಗೆ ಬೆಳೆಯುತ್ತಿರುವ ಬೇರೊಂದು ಜೀವಿಯೆಂದು ಅವನು ನಿಶ್ಚಯಿಸಿದನು.

ಇಷ್ಟಾಗುವಷ್ಟರಲ್ಲಿ ಮೇಲಿನಿಂದ ವರ್ಗದ ಅಪ್ಪಣೆ ಬಂದಿತು! ರಾಜಪುತಾನದ ಖೇರ್ವಾರಾ ಎಂಬ ದೂರದ ಠಾಣ್ಯಕ್ಕೆ ಹೋಗಬೇಕಾಯಿತು. ಸರಕಾರಿ ನೌಕರಿಯ ರುಚಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮ್ಯಾನ್ಸನನ ಪ್ರಯತ್ನದಿಂದ 1898ರ ಫೆಬ್ರವರಿಯಲ್ಲಿ ಕಲ್ಕತ್ತೆಯಲ್ಲಿ ವಿಶೇಷ ನಿಯೋಗವು ದೊರೆಯಿತು. ಅಲ್ಲಿ ಮನುಷ್ಯರನ್ನು ಬಿಟ್ಟು ಹಕ್ಕಿಗಳ ಮಲೇರಿಯಾವನ್ನು ಹಿಡಿದನು. ಜುಲೈ ತಿಂಗಳಲ್ಲಿ ಸೊಳ್ಳೆಯ ಜೊಲ್ಲಿನ ಗ್ರಂಥಿಯಲ್ಲಿಯೇ ರೋಗಬೀಜವನ್ನು ಕಂಡು, ಅಂಥ ಸೊಳ್ಳೆಗಳಿಂದ ಆರೋಗ್ಯವಾದ ಗುಬ್ಬಿಗಳನ್ನು ಕಚ್ಚಿಸಿ ರೋಗ ತಗಲುವುದನ್ನು ತೋರಿಸಿದನು. ಕುಡಿಯುವ ನೀರಿನ ಊಹೆಯು ಬಿದ್ದುಹೋಯಿತು. ಸೊಳ್ಳೆಗಳನ್ನು ಹಿಡಿದು ಸಾಕುವ ಕೆಲಸದಲ್ಲಿ ಮಹಮ್ಮದ್ ಬಕ್ಷನೆಂಬ ಸೇವಕನು ಬಲಗೈಯಾಗಿದ್ದನು. ಪಂಡಿತರ ಗ್ರಂಥಗಳಲ್ಲಿ ಇವನ ಹೆಸರು ಒಂದೆರಡು ಸಾಲುಗಳಿಗಿಂತ ಮುಂದೆ ಹೋಗದಿರುವುದು ನ್ಯಾಯವಲ್ಲ.

ಅನಾಫಿಲಿಸ್ ಸೊಳ್ಳೆಯಲ್ಲಿ ಮನುಷ್ಯನ ರೋಗಜೀವಿಯ ಪೂರ್ಣಚಕ್ರವನ್ನು ಅದೇ ವರ್ಷದ ಕೊನೆಯಲ್ಲಿ ಸಿದ್ಧಪಡಿಸಿದವರು ಇಟಲಿಯ ಗ್ರಾಸ್ಸಿ ಮೊದಲಾದವರು. ಮೊದಲು ದಾರಿ ಕಂಡವನು ರಾಸನೇ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಗ್ರಾಸ್ಸಿಯ ವಿಷಯದಲ್ಲಿ ಅವನು ಬಹುವರ್ಷ ಬಳಸಿದ ಕಟುವಚನಗಳು ಅವನ ಘನತೆಗೆ ಒಪ್ಪತಕ್ಕವಾಗಿರಲಿಲ್ಲ. 1902ರ ನೊಬೆಲ್ ಬಹುಮಾನವು ರಾಸನೊಬ್ಬನಿಗೇ ಸಂದಿತು. ಲಾವೆರಾನನಿಗೆ 1907ರಲ್ಲಿ ದೊರೆಯಿತು.

1899ರಲ್ಲಿ ಸೇನಾವೈದ್ಯವೃತ್ತಿಯನ್ನು ಬಿಟ್ಟು ಲಿವರ್ಪೂಲಿನಲ್ಲಿ ಅಧ್ಯಾಪಕನಾದ ಮೇಲೆ, ಸಿಯೆರಾ ಲಿಯೋನ್, ಇಸ್ಮಾಯಿಲಿಯಾ, ಮಾರಿಷಸ್ ಮುಂತಾದೆಡೆ ಸಂಚರಿಸಿ, ನಿಂತ ನೀರನ್ನು ಹರಿಯಗೊಡಿಸಿರೆಂದು ಸಾರಿದನು. ಸೊಳ್ಳೆಗಳೆಲ್ಲವನ್ನೂ ಕೊಲ್ಲುವುದು ಅಸಾಧ್ಯವೆಂದು ಆಕ್ಷೇಪಿಸಿದವರಿಗೆ, ಎಲ್ಲವನ್ನೂ ಕೊಲ್ಲಬೇಕಾಗಿಲ್ಲ, ಒಂದು ಮಿತಿಗಿಂತ ಕೆಳಗಿಳಿಸಿದರೆ ರೋಗವು ತಾನಾಗಿಯೇ ಕ್ಷೀಣಿಸುವುದೆಂದು ಗಣಿತದಿಂದ ಲೆಕ್ಕಹಾಕಿ ತೋರಿಸಿದನು. ಬಾಲ್ಯದ ಗಣಿತದ ಹುಚ್ಚು ಇಲ್ಲಿ ಉಪಯೋಗಕ್ಕೆ ಬಂದಿತು. 1927ರ ಜನವರಿಯಲ್ಲಿ, ಕಲ್ಕತ್ತೆಯ ಆಸ್ಪತ್ರೆಯ ಬಳಿ ತನ್ನ ಹೆಸರಿನಲ್ಲಿ ಕಟ್ಟಿದ ದ್ವಾರವನ್ನು ಮುದುಕನಾದ ರಾಸನೇ ಬಂದು ತೆರೆದನು. ತಾನು ಗುಬ್ಬಿಗಳನ್ನು ಪಂಜರದಲ್ಲಿಟ್ಟು ಕೆಲಸ ಮಾಡಿದ ಪ್ರಯೋಗಶಾಲೆಯು ಅಲ್ಲಿಗೆ ಸಮೀಪದಲ್ಲಿಯೇ ಇತ್ತು. 1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ಕಾಲವಾದನು.