ಸಂಜೆ ಕೂರುವವರು ಬೇಕು



ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಪಂಚಾಯಿತಿ ಗ್ರಂಥಾಲಯಕ್ಕೆ ಎರಡು ಪೆಟ್ಟಿಗೆ ಪುಸ್ತಕ ಕಳಿಸಿದ್ದೆ. ಎಲ್ಲ ನನ್ನ ಬಿ.ಇ. ಪುಸ್ತಕಗಳು, ಇಂಗ್ಲಿಷಿನವು. ಮೂರು ವರ್ಷ ಬಿಟ್ಟು ಬಂದು ನೋಡಿದರೆ ಕಟ್ಟಿದ ದಾರ ಕೂಡ ಬಿಚ್ಚಿರಲಿಲ್ಲ. ನನಗೆ ಸಿಟ್ಟು ಬಂತು. ಮೇಲ್ವಿಚಾರಕರು ಮೆಲ್ಲಗೆ ಹೇಳಿದರು: "ಪುಸ್ತಕ ಕೊಡೋರು ಇದ್ದಾರಪ್ಪ. ಸಂಜೆ ಒಂದು ಗಂಟೆ ಕೂರೋರು ಸಿಗಲ್ಲ."

2020ರಲ್ಲಿ 'ಓದುವ ಬೆಳಕು' ಶುರುವಾಗಿ ಮಕ್ಕಳಿಗೆ ಸದಸ್ಯತ್ವ ಉಚಿತವಾಗಿತ್ತು. ಮಕ್ಕಳು ಬರುತ್ತಿದ್ದರು. ಆದರೆ ಪುಸ್ತಕ ಕೊಡುವುದು, ವಾಪಸು ಬರೆದುಕೊಳ್ಳುವುದು, ಕಸ ಗುಡಿಸುವುದು ಎಲ್ಲಕ್ಕೂ ಅವರೊಬ್ಬರೇ. ಶಾಲೆ ಬಿಟ್ಟು ಮಕ್ಕಳು ಬರುವ ಹೊತ್ತಿಗೆ ಅವರು ಮನೆಗೆ ಹೊರಡುವ ಹೊತ್ತಾಗುತ್ತಿತ್ತು.

ನಮ್ಮ ಬ್ಯಾಚಿನ ಐದು ಜನ ಸರದಿ ಹಾಕಿಕೊಂಡೆವು. ಬೆಂಗಳೂರಿನಿಂದ ಬರುವ ನನಗೆ ತಿಂಗಳಿಗೆ ಎರಡು ಶನಿವಾರ. ಹರಿದ ಪುಸ್ತಕಕ್ಕೆ ರಟ್ಟು ಕಟ್ಟುವುದನ್ನು ಕಲಿತೆವು. ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕಬೇಕು, ಇಲ್ಲದಿದ್ದರೆ ಹುಳ ಬೀಳುತ್ತದೆ. ಇಂಜಿನಿಯರಿಂಗಿನಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ!

ಒಂದು ಶನಿವಾರ ಏಳನೇ ತರಗತಿಯ ಹುಡುಗಿಯೊಬ್ಬಳು ತಮ್ಮನಿಗೆ ಗಟ್ಟಿಯಾಗಿ ಕಥೆ ಓದುತ್ತಿದ್ದಳು. ಕರೆದುಕೊಂಡು ಹೋಗಲು ಬಂದ ಅಜ್ಜಿ ಹೊಸ್ತಿಲಲ್ಲೇ ನಿಂತರು. ಹುಡುಗಿ ಪುಸ್ತಕ ಮುಚ್ಚಿದಾಗ, "ಆಮೇಲೇನಾಯ್ತೇ?" ಎಂದು ಒಳಗೆ ಬಂದು ಕೂತರು. ಅವತ್ತು ಬೀಗ ಹಾಕುವಾಗ ಎಂಟೂವರೆ.

ಈ ವರ್ಷ ನಮ್ಮಲ್ಲಿ ಇಬ್ಬರಿಗೆ ದೂರದ ಊರಿಗೆ ವರ್ಗವಾಗಿದೆ. ಮಂಗಳವಾರ, ಗುರುವಾರ ಸಂಜೆ ಬಾಗಿಲು ತೆರೆಯುತ್ತಿಲ್ಲ. ಮಕ್ಕಳು ಬಂದು ಜಗಲಿಯ ಮೇಲೆ ಕೂತು ಹೋಗುತ್ತಾರೆ. ಊರಿನಲ್ಲೇ ಇರುವವರು ಊಟಕ್ಕೆ ಏಳುವ ಮುಂಚೆ ನನ್ನ ಹತ್ತಿರ ಹೆಸರು ಬರೆಸಿ. ಪೆಟ್ಟಿಗೆ ಮಾತ್ರ ತರಬೇಡಿ.