ಚಲಚ್ಚಿತ್ರದ ವೈಭವ

ಮಾಲೂರು ತಾಲ್ಲೂಕಿನ ಶಿವಾರಪಟ್ಟಣವು ಶಿಲ್ಪಿಗಳ ಊರು. ಅವರು ತಾಳಮಾನವನ್ನು ಅನುಸರಿಸಿ ಕಲ್ಲಿನಲ್ಲಿ ದೇವತಾಮೂರ್ತಿಗಳನ್ನು ಕಂಡರಿಸುತ್ತಾರೆ. ಉಳಿ ಜಾರಿ ಮೂರ್ತಿ ಭಿನ್ನವಾದರೆ ಪೂಜೆಗೆ ಸಲ್ಲದು. ಪುರಾಣದ ಮಹಿಮೆಯನ್ನು ಕಣ್ಣಿಗೆ ಕಟ್ಟಿಕೊಡುವುದು ಅವರ ಕೆಲಸ. ಇದೇ ಕೆಲಸವನ್ನು ಕೈಗೊಂಡ ಮತ್ತೊಂದು ಕಲೆ ಚಲಚ್ಚಿತ್ರ. ಅದರ ವೈಭವದ ಕಾಲವನ್ನು ಕುರಿತು ಈ ದಿವಸ ನಾಲ್ಕು ಮಾತುಗಳನ್ನು ಅರಿಕೆಮಾಡುತ್ತೇನೆ.

1916ರಲ್ಲಿ ಅಮೆರಿಕದ ಗ್ರಿಫಿತ್ ಎಂಬಾತನು ‘ಇಂಟಾಲರೆನ್ಸ್’ ಚಿತ್ರಕ್ಕಾಗಿ ಪುರಾತನ ಬ್ಯಾಬಿಲೋನನ್ನೇ ಕಟ್ಟಿಸಿ, ಎತ್ತರವಾದ ಕಂಬಗಳ ಮೇಲೆ ಆನೆಗಳನ್ನು ನಿಲ್ಲಿಸಿದನು. 1919ರಲ್ಲಿ ಅದನ್ನು ಕೆಡವಿದರು. 1923ರ ‘ಟೆನ್ ಕಮ್ಯಾಂಡ್‌ಮೆಂಟ್ಸ್’ ಚಿತ್ರಕ್ಕಾಗಿ ಡಿ ಮಿಲ್ ಎಂಬಾತನು ಕ್ಯಾಲಿಫೋರ್ನಿಯದ ಮರಳುಗುಡ್ಡಗಳಲ್ಲಿ ಈಜಿಪ್ಟಿನ ನಗರವನ್ನು ಎಬ್ಬಿಸಿದನು. ಅದು ಮರಳಿನ ಪಾಲಾಯಿತು. ಬಹುಕಾಲದ ಮೇಲೆ ಅಗೆದವರಿಗೆ ಗಚ್ಚಿನ ಪ್ರತಿಮೆಗಳ ಅವಶೇಷಗಳು ದೊರೆತುವು. ನೆರೆಯ ಮದರಾಸಿನಲ್ಲಿ ವಾಸನ್ ಅವರು 1948ರಲ್ಲಿ ‘ಚಂದ್ರಲೇಖಾ’ ಚಿತ್ರವನ್ನು ಹೊರತಂದರು. ಅದರಲ್ಲಿ ದೊಡ್ಡ ದೊಡ್ಡ ಭೇರಿಗಳ ಮೇಲೆ ನಡೆಯುವ ನೃತ್ಯವನ್ನು ನೋಡಿದವರು ಮರೆಯಲಾರರು.

ಇಂಥ ಕಟ್ಟಡಗಳು ಅಳಿದುದಕ್ಕೆ ವ್ಯಸನವೇಕೆ? ಮದುವೆ ಮುಗಿದಮೇಲೆ ಚಪ್ಪರವನ್ನು ಕಳಚುವುದು ಸಹಜವೇ. ಈ ಮೂರು ಚಿತ್ರಗಳೂ ಉಳಿದಿವೆ; ಅಷ್ಟು ಸಾಕು.

ಕನ್ನಡಿಗರಿಗಾದರೋ ಅಷ್ಟೂ ಲಭಿಸಲಿಲ್ಲ. ನಮ್ಮ ಮೊದಲನೆಯ ವಾಕ್ಚಿತ್ರ ‘ಸತಿ ಸುಲೋಚನಾ’. ವೈ. ವಿ. ರಾವ್ ಅವರು ನಿರ್ದೇಶಿಸಿದ ಈ ಚಿತ್ರ ತೆರೆಕಂಡುದು 1934ರ ಮಾರ್ಚಿ 3ರಂದು. ಸುಬ್ಬಯ್ಯನಾಯ್ಡು, ತ್ರಿಪುರಾಂಬ, ನಾಗೇಂದ್ರರಾಯರು ಅದರಲ್ಲಿ ಅಭಿನಯಿಸಿದರು. ರಾಮಾಯಣದ ಕಥೆಯನ್ನು ಚಿತ್ರಿಸಲು ನಮ್ಮವರು ಕೊಲ್ಹಾಪುರಕ್ಕೆ ಹೋಗಬೇಕಾಯಿತು. ಅಷ್ಟು ಶ್ರಮದಿಂದ ಸಿದ್ಧವಾದ ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಇಲ್ಲಿ ಚಪ್ಪರದ ಜೊತೆಗೆ ಮದುವೆಯ ನೆನಪೂ ಹೋಯಿತು.

ಕಲ್ಲಿನ ಮೂರ್ತಿಗೆ ಕಾವಲು ಬೇಡ. ಗುಡಿ ಬಿದ್ದರೂ ಶತಮಾನಗಳ ತರುವಾಯ ಅದು ಹೊಲದಲ್ಲಿಯೋ ಕೆರೆಯಲ್ಲಿಯೋ ದೊರೆತೀತು. ಚಿತ್ರದ ಸುರುಳಿ ಹಾಗಲ್ಲ. ಆ ಕಾಲದ ನೈಟ್ರೇಟ್ ಸುರುಳಿ ಬೇಗ ಹೊತ್ತಿಕೊಳ್ಳುವುದು, ಇಟ್ಟಲ್ಲಿಯೇ ಕೊಳೆಯುವುದು. ಅದನ್ನು ಕಾಯುವವರು ಬೇಕು.

ಇದೇ ಕೋಲಾರ ಜಿಲ್ಲೆಯ ಚಿನ್ನದ ಗಣಿಯ ಹೆಸರನ್ನು ಹೊತ್ತ ‘ಕೆ.ಜಿ.ಎಫ್.’ 2018ರಲ್ಲಿ ಐದು ಭಾಷೆಗಳಲ್ಲಿ ತೆರೆಕಂಡಿತು. ಕನ್ನಡಿಗರಿಗೆ ದೊಡ್ಡ ಚಿತ್ರವನ್ನು ನಿರ್ಮಿಸುವ ಶಕ್ತಿ ಇದೆಯೆಂಬುದರಲ್ಲಿ ಇನ್ನು ಸಂಶಯವಿಲ್ಲ. ಆದರೆ ನಿರ್ಮಿಸುವುದಕ್ಕೆ ಸುರಿದ ಹಣದಿಂದಲೇ ವೈಭವವನ್ನು ಅಳೆಯಬಾರದು. ಕಾಪಾಡುವುದಕ್ಕೆ ತೆಗೆದಿರಿಸಿದ ಪಾಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ಶಿವಾರಪಟ್ಟಣದ ಶಿಲ್ಪಿ ತಾನು ಕಾಣದ ಪೀಳಿಗೆಗಾಗಿ ಉಳಿ ಹಿಡಿಯುತ್ತಾನೆ. ಚಿತ್ರ ನಿರ್ಮಿಸುವವರೂ ಆ ಪೀಳಿಗೆಯನ್ನು ನೆನೆದರೆ ‘ಸತಿ ಸುಲೋಚನಾ’ದ ಗತಿ ಇನ್ನೊಂದು ಚಿತ್ರಕ್ಕೆ ಬಾರದು.